ಎಣಿಕೆಗೆ ಮುಂಚೆ ಕಂಡ ಸೂರ್ಯ

ಬೆಳಕು ಸರಳರೇಖೆಯಲ್ಲಿ ಚಲಿಸುವುದೆಂದು ನಾವೆಲ್ಲರೂ ಶಾಲೆಯಲ್ಲಿ ಕಲಿತಿರುವೆವಷ್ಟೆ. ವಾಯುವಿನ ಸಾಂದ್ರತೆಯು ಎಲ್ಲೆಡೆಯೂ ಸಮನಾಗಿದ್ದರೆ ಮಾತ್ರ ಈ ಮಾತು ನಿಜ. ತಣ್ಣನೆಯ ವಾಯುವು ದಟ್ಟವಾದುದು, ಬಿಸಿಯಾದುದು ವಿರಳ. ಬೆಳಕು ದಟ್ಟವಾದ ಕಡೆಗೆ ಬಾಗುವುದು. ಆದಕಾರಣ ದಿಗಂತದಲ್ಲಿರುವ ಸೂರ್ಯನು ನಿತ್ಯವೂ ತನ್ನ ನಿಜಸ್ಥಾನಕ್ಕಿಂತ ಸುಮಾರು ಅರ್ಧ ಡಿಗ್ರಿ ಮೇಲೆ ಕಾಣುವನು.

ಇದಕ್ಕೊಂದು ವಿಶೇಷ ದೃಷ್ಟಾಂತವುಂಟು. ಉತ್ತರಧ್ರುವ ಪ್ರದೇಶದ ನೊವಾಯಾ ಜೆಮ್ಲ್ಯಾ ದ್ವೀಪದಲ್ಲಿ, ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿದ್ದರಿಂದ, ಡಚ್ ನಾವಿಕರು ದೀರ್ಘರಾತ್ರಿಯನ್ನು ಕಳೆಯುತ್ತಿದ್ದರು. 1597ರ ಜನವರಿ 24ರಂದು ಗೆರಿಟ್ ಡಿ ವೀರನೂ ಮತ್ತಿಬ್ಬರೂ ಸೂರ್ಯನ ಅಂಚನ್ನು ಕಂಡು, ಹರ್ಷದಿಂದ ಓಡಿಬಂದು ತಿಳಿಸಿದರು. ಅನುಭವಶಾಲಿಯಾದ ವಿಲೆಮ್ ಬಾರೆಂಟ್ಸನು ನಂಬಲಿಲ್ಲ. ಆತನ ಎಣಿಕೆಯಂತೆ ಸೂರ್ಯದರ್ಶನಕ್ಕೆ ಇನ್ನೂ ಸುಮಾರು ಹದಿನಾಲ್ಕು ದಿನಗಳಿದ್ದವು.

ಎಣಿಕೆಯೂ ಸರಿ, ಕಣ್ಣೂ ಸರಿ! ಹಿಮದ ಮೇಲೆ ಅತಿಶೀತಲವಾದ ವಾಯುವೂ ಅದರ ಮೇಲೆ ಬೆಚ್ಚನೆಯ ವಾಯುವೂ ಪದರಪದರವಾಗಿ ನಿಂತಾಗ, ಕಿರಣಗಳು ಭೂಮಿಯ ಉಬ್ಬನ್ನನುಸರಿಸಿ ಬಾಗುತ್ತ ಬಹುದೂರ ಸಾಗುವುವು. ಹೀಗೆ, ದಿಗಂತದಿಂದ ಸುಮಾರು ಐದು ಡಿಗ್ರಿ ಕೆಳಗಿದ್ದ ಸೂರ್ಯನು ಅವರಿಗೆ ಗೋಚರನಾದನು. 1915ರಲ್ಲಿ ದಕ್ಷಿಣಧ್ರುವ ಪ್ರದೇಶದಲ್ಲಿ ಶ್ಯಾಕಲ್‌ಟನ್ನನೂ ಇಂಥದನ್ನೇ ಕಂಡನು.

ಜನರು ಸಂಶಯಪಟ್ಟರೂ, ಕಂಡುದನ್ನು ಕಂಡಂತೆಯೇ ಬರೆದಿಟ್ಟವನ ಸಾಕ್ಷ್ಯವು ಕಡೆಗೆ ನಿಂತಿತು.