ಆಂಪ್ಲಿಫೈಯರಿನ ಫ್ಯೂಸು ಏಕೆ ಸುಟ್ಟಿತು?

ಹಾಡುತ್ತಿದ್ದ ಆಂಪ್ಲಿಫೈಯರು ಥಟ್ಟನೆ ಮೂಕವಾಗುತ್ತದೆ. ಮುಂಭಾಗದ ಪುಟ್ಟ ದೀಪವೂ ಆರುತ್ತದೆ. ಮನೆಯ ಇತರ ದೀಪಗಳೆಲ್ಲ ಉರಿಯುತ್ತಲೇ ಇವೆ. ಇಂತಹ ಯಂತ್ರಗಳಲ್ಲಿ ಬಹುಮಟ್ಟಿಗೆ ಹಿಂಭಾಗದಲ್ಲಿ, ವಿದ್ಯುತ್ತಿನ ತಂತಿ ಒಳಹೊಗುವೆಡೆಯಲ್ಲಿ, ೨೦ ಮಿಲಿಮೀಟರ್ ಉದ್ದದ, ೫ ಮಿಲಿಮೀಟರ್ ವ್ಯಾಸದ ಗಾಜಿನ ನಳಿಗೆಯೊಂದಿರುತ್ತದೆ. ಅದೇ ಫ್ಯೂಸು. ಅದನ್ನು ಬದಲಾಯಿಸುವುದು ಎರಡು ನಿಮಿಷದ ಕೆಲಸ. ಆದರೆ ಸುಟ್ಟ ಫ್ಯೂಸನ್ನು ಎಸೆಯುವ ಮುನ್ನ ಬೆಳಕಿಗೆ ಹಿಡಿದು ನೋಡಬೇಕು. ಗಾಜು ತಿಳಿಯಾಗಿದ್ದು ಎಳೆ ಮಾತ್ರ ನಡುವೆ ಕಡಿದಿದ್ದರೆ ಪ್ರವಾಹ ಮಿತಿಯನ್ನು ತುಸುವೇ ಮೀರಿತ್ತೆಂದೋ ಎಳೆಗೆ ವಯಸ್ಸಾಯಿತೆಂದೋ ಊಹಿಸಬಹುದು. ಗಾಜಿನ ಒಳಮೈ ಕಪ್ಪಾಗಿದ್ದರೆ, ಕನ್ನಡಿಯಂತೆ ಹೊಳೆಯುತ್ತಿದ್ದರೆ, ಲೋಹ ಆವಿಯಾಗುವಷ್ಟು ಪ್ರವಾಹ ನುಗ್ಗಿತ್ತು. ಯಂತ್ರದೊಳಗೆ ಎಲ್ಲಿಯೋ ಷಾರ್ಟ್ ಆಗಿರಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳು ಸಮಾರಂಭವೊಂದರ ನಡುವೆ ಇಂತಹುದೇ ಕಪ್ಪು ಫ್ಯೂಸಿಗೆ ಸಿಗರೇಟು ಪೆಟ್ಟಿಗೆಯ ಬೆಳ್ಳಿಕಾಗದವನ್ನು ಸುತ್ತಿ ಕೂರಿಸಿದರು. ಯಂತ್ರ ಒಂದೆರಡು ನಿಮಿಷ ಗೊರಗುಟ್ಟಿತು. ಬಳಿಕ ಅರಗು ಸುಟ್ಟ ವಾಸನೆ, ಹೊಗೆ. ಕೆಲವು ರೂಪಾಯಿಯ ಫ್ಯೂಸಿಗೆ ಬದಲಾಗಿ ಟ್ರಾನ್ಸ್‌ಫಾರ್ಮರು ಬಲಿಯಾಯಿತು. ಗೋಡೆಯ ಸಾಕೆಟ್ಟಿನ ಹಿಂದಿನ ೧೬ ಆಂಪಿಯರಿನ ರಕ್ಷಣೆ ಕದಲಲೇ ಇಲ್ಲ. ೫ ಆಂಪಿಯರು ಅದಕ್ಕೊಂದು ಲೆಕ್ಕವಲ್ಲ.

೧೮೪೧ರಲ್ಲಿ ಜೂಲ್ ಪ್ರಕಟಿಸಿದ ನಿಯಮವನ್ನು ಇಲ್ಲಿ ನೆನೆಯೋಣ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗ, ರೋಧ, ಕಾಲ ಈ ಮೂರರ ಗುಣಲಬ್ಧ. ೧ ಆಂಪಿಯರಿನ ಫ್ಯೂಸಿರಬೇಕಾದಲ್ಲಿ ೫ ಆಂಪಿಯರಿನದನ್ನು ಹಾಕಿದರೆ ಅಪಾಯ ಐದು ಪಟ್ಟಾಗುವುದೆಂದು ತೋರಬಹುದು. ಹಾಗಲ್ಲ. ಟ್ರಾನ್ಸ್‌ಫಾರ್ಮರಿನ ಸುರುಳಿ ೨೫ ಪಟ್ಟು ಶಾಖವನ್ನು ಸಹಿಸುತ್ತಿದ್ದರೂ ಫ್ಯೂಸು ಸುಮ್ಮನಿರುತ್ತದೆ.

ಫ್ಯೂಸಿನ ಲೋಹದ ಟೊಪ್ಪಿಗೆಯ ಮೇಲೆ ಆಂಪಿಯರಿನ ಅಂಕದೊಡನೆ 'ಟಿ' ಅಥವಾ 'ಎಫ್' ಎಂಬ ಅಕ್ಷರವೂ ಇರುತ್ತದೆ. ಇದನ್ನು ಅಂಗಡಿಯವರೇ ಅನೇಕ ವೇಳೆ ಅಲಕ್ಷಿಸುತ್ತಾರೆ. 'ಎಫ್' ಶೀಘ್ರಗಾಮಿ, ತನ್ನ ಅಂಕದ ಹತ್ತರಷ್ಟು ಪ್ರವಾಹವನ್ನು ಸೆಕೆಂಡಿನ ಐವತ್ತನೆಯ ಒಂದು ಭಾಗದೊಳಗೆ ಕಡಿಯುತ್ತದೆ. 'ಟಿ' ತುಸು ತಾಳ್ಮೆಯದು. ಆ ತಾಳ್ಮೆ ಏಕೆ? ಸ್ವಿಚ್ಚನ್ನು ಅದುಮಿದ ಕ್ಷಣದಲ್ಲಿ ಒಳಗಿನ ಕಂಡೆನ್ಸರುಗಳು ಬರಿದಾಗಿರುತ್ತವೆ. ಬರಿದಾದ ಕಂಡೆನ್ಸರು ಆ ಕ್ಷಣಕ್ಕೆ ಬರಿಯ ತಂತಿಯಂತೆಯೇ ವರ್ತಿಸಿ ಭಾರಿ ಪ್ರವಾಹವನ್ನು ಸೆಳೆಯುತ್ತದೆ, ಬಲುಬೇಗ ಶಾಂತವಾಗುತ್ತದೆ. 'ಟಿ' ಇರಬೇಕಾದೆಡೆ 'ಎಫ್' ಹಾಕಿದರೆ ದೋಷವಿಲ್ಲದ ಯಂತ್ರವೂ ಫ್ಯೂಸನ್ನು ಸುಡುತ್ತಲೇ ಇರುವುದು.

ಕೈಯಿಡುವ ಮೊದಲು ಸ್ವಿಚ್ಚನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಫ್ಯೂಸು ಪೆಟ್ಟಿಗೆಯ ಒಳಗಿದ್ದರೆ ಇನ್ನೂ ಎಚ್ಚರ ಬೇಕು. ೫೦ ವೋಲ್ಟಿಗೆ ತುಂಬಿದ ೧೦,೦೦೦ ಮೈಕ್ರೋಫ್ಯಾರಡ್ ಕಂಡೆನ್ಸರಿನಲ್ಲಿ ೧೨.೫ ಜೂಲ್ ಶಕ್ತಿ ಅಡಗಿರುತ್ತದೆ; ಒಂದು ಕಿಲೋಗ್ರಾಮಿನ ಕಲ್ಲು ಒಂದೂಕಾಲು ಮೀಟರಿನಿಂದ ಬಿದ್ದಷ್ಟು. ಅದು ಬರಿದಾಗಿದೆಯೆಂದು ಮೀಟರಿನಿಂದ ಅಳೆದು ನೋಡದೆ ಒಳಗೆ ಬೆರಳಿಡಲಾಗದು.

ಗಾಜು ಕಪ್ಪಾಗಿದ್ದ ಪಕ್ಷದಲ್ಲಿ ನಮ್ಮ ಪ್ರಯೋಗಶಾಲೆಯಲ್ಲಿ ಹಳೆಯ ಉಪಾಯವೊಂದನ್ನು ಹೂಡುತ್ತೇವೆ. ವಿದ್ಯಾರ್ಥಿಗಳು ಇದನ್ನು ಅಧ್ಯಾಪಕರ ಸಮ್ಮುಖದಲ್ಲಿ ಮಾತ್ರ ಮಾಡತಕ್ಕದ್ದು. ಯಂತ್ರದೊಡನೆ ೬೦ ವಾಟಿನ ತಂತುದೀಪವನ್ನು ಶ್ರೇಣಿಯಲ್ಲಿ ಜೋಡಿಸುವುದು; ಎಲ್‌ಇಡಿ ದೀಪ ಈ ಕೆಲಸಕ್ಕೆ ಬಾರದು. ಒಳಗೆ ಪೂರ್ತಿ ಷಾರ್ಟ್ ಇದ್ದರೂ ಈಗ ಪ್ರವಾಹ ಕಾಲು ಆಂಪಿಯರಿನ ಆಚೀಚೆಗೇ ನಿಲ್ಲುತ್ತದೆ. ಕಾದ ತಂತುವಿನ ರೋಧ ಸುಮಾರು ೮೮೦ ಓಮ್. ತಣ್ಣಗಿದ್ದಾಗ ಅದರ ಹತ್ತನೆಯ ಒಂದು ಭಾಗಕ್ಕೂ ಕಡಮೆ. ಆದುದರಿಂದ ದೋಷವಿಲ್ಲದ ಯಂತ್ರಕ್ಕೆ, ಧ್ವನಿಯನ್ನು ಪೂರ್ಣ ತಗ್ಗಿಸಿಟ್ಟಾಗ, ದೀಪ ಹೆಚ್ಚು ಅಡ್ಡಿಯೊಡ್ಡದು. ಅದು ಒಮ್ಮೆ ಮಿಂಚಿ ಮಂಕಾದರೆ ಹೊಸ ಫ್ಯೂಸಿನೊಡನೆ ಯಂತ್ರವನ್ನು ನೇರವಾಗಿ ಜೋಡಿಸಬಹುದು. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಪ್ಲಗ್ಗನ್ನು ಕಿತ್ತು, ರೆಕ್ಟಿಫೈಯರಿನ ಡಯೋಡುಗಳಿಂದಲೂ ಔಟ್‌ಪುಟ್ ಟ್ರಾನ್ಸಿಸ್ಟರುಗಳಿಂದಲೂ ಶೋಧನೆಯನ್ನು ಆರಂಭಿಸುತ್ತೇವೆ.