ಪದಪರಿಚಯ: ‘ಮೋಟಿವೇಟ್’ ಕ್ರಿಯಾಪದದ ಅರ್ಥ ಮತ್ತು ಬಳಕೆ

ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಗಮನಕ್ಕೆ,

ಯೋಜನೆಗಳ ಆಂಗ್ಲ ಮಾರ್ಗಸೂಚಿಗಳಲ್ಲಿ ‘ಮೋಟಿವೇಟ್’ ಎಂಬ ಕ್ರಿಯಾಪದವು ಬಳಕೆಯಲ್ಲಿದೆ. ಇದರ ಅರ್ಥವನ್ನು ತಪ್ಪಾಗಿ ಗ್ರಹಿಸಿದಲ್ಲಿ ಅನುಷ್ಠಾನವೂ ದಾರಿ ತಪ್ಪುವ ಸಂಭವವಿರುವುದರಿಂದ ಈ ಪಾಠವನ್ನು ನೀಡಲಾಗಿದೆ.

1. ಅರ್ಥ: ‘ಚಲಿಸುವಂತೆ ಮಾಡು’ ಎಂಬರ್ಥದ ಲ್ಯಾಟಿನ್ ಧಾತು ಈ ಪದದ ಮೂಲ. ಕನ್ನಡದಲ್ಲಿ ‘ಪ್ರೇರೇಪಿಸು’ ಎನ್ನಬಹುದು. ವ್ಯಕ್ತಿಯು ಕಾರಣವನ್ನು ತಾನೇ ಒಪ್ಪಿ, ಸ್ವಇಚ್ಛೆಯಿಂದ ಕಾರ್ಯಪ್ರವೃತ್ತನಾಗುವಂತೆ ಮಾಡುವುದೇ ಪ್ರೇರಣೆ.

2. ವಾಕ್ಯರಚನೆ: ಈ ಕ್ರಿಯಾಪದದ ನಂತರ ಯಾರನ್ನು ಎಂಬುದೂ, ಬಳಿಕ ‘ಟು’ ಸೇರಿಸಿ ಏನು ಮಾಡಲು ಎಂಬುದೂ ಬರುತ್ತದೆ. ಉದಾ: ‘ಮೋಟಿವೇಟ್ ಪೇರೆಂಟ್ಸ್ ಟು ಸೆಂಡ್ ಚಿಲ್ಡ್ರನ್ ಟು ಸ್ಕೂಲ್’ ಎಂದರೆ ಮಕ್ಕಳನ್ನು ಶಾಲೆಗೆ ಕಳುಹಿಸುವಂತೆ ಪೋಷಕರನ್ನು ಪ್ರೇರೇಪಿಸಿ.

3. ಸಮೀಪದ ಪದಗಳು:
ಅ) ಎನ್‌ಕರೇಜ್: ಧೈರ್ಯ ತುಂಬು, ಪ್ರೋತ್ಸಾಹಿಸು. ಮನಸ್ಸಿದ್ದೂ ಹಿಂಜರಿಯುವವರಿಗೆ ಇದು ಸಲ್ಲುತ್ತದೆ.
ಆ) ಇನ್ಸೆಂಟಿವ್: ನಾಮಪದ, ಪ್ರೋತ್ಸಾಹಧನ.
ಇ) ಇನ್‌ಡ್ಯೂಸ್: ಮನವೊಲಿಸು, ಚುನಾವಣೆಯ ಸಂದರ್ಭದಲ್ಲಿ ಆಮಿಷವೊಡ್ಡು.
ಈ) ಕಂಪೆಲ್: ಬಲವಂತಪಡಿಸು. ಇದು ಪ್ರೇರಣೆಯಲ್ಲ.

4. ವಿಶೇಷಣವಾಗಿ: ‘ಮೋಟಿವೇಟೆಡ್ ವರ್ಕರ್’ ಎಂದರೆ ಉತ್ಸಾಹಿ ಕಾರ್ಯಕರ್ತ. ಆದರೆ ‘ಮೋಟಿವೇಟೆಡ್ ಕಂಪ್ಲೇಂಟ್’ ಎಂದರೆ ದುರುದ್ದೇಶದಿಂದ ಕೂಡಿದ ದೂರು. ‘ಪ್ರೋತ್ಸಾಹ ಪಡೆದ ದೂರು’ ಎಂದು ಅನುವಾದಿಸಿದರೆ ಅರ್ಥವೇ ಕೆಡುತ್ತದೆ.

5. ಆಚರಣೆಯಲ್ಲಿ: 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಅಡಿಯಲ್ಲಿ ಅರ್ಹ ಕುಟುಂಬದ ಶೌಚಾಲಯಕ್ಕೆ ರೂ. 12,000 ಪ್ರೋತ್ಸಾಹಧನ ನಿಗದಿಯಾಯಿತು. ಧನದಿಂದ ಗೋಡೆ ಏಳಬಹುದು. ಬಳಕೆಯ ಅಭ್ಯಾಸ ಮೂಡಲು ಮನಸ್ಸು ಒಪ್ಪಬೇಕು. ಬಯಲಿಗೆ ಹೋಗುವ ಹೆಣ್ಣುಮಕ್ಕಳ ಸಂಕಟ, ಕಲುಷಿತ ನೀರಿನಿಂದ ಮಕ್ಕಳಿಗೆ ತಗಲುವ ವಾಂತಿಭೇದಿ, ಇವನ್ನು ಮನೆಯವರೊಡನೆ ಕುಳಿತು ಚರ್ಚಿಸುವುದು ಪ್ರೇರಣೆ. ಪಡಿತರ ತಡೆಯುವೆವು, ನಲ್ಲಿ ಸಂಪರ್ಕ ಕಡಿಯುವೆವು ಎಂದು ಹೆದರಿಸುವುದು ಬಲವಂತ. ಹೆದರಿ ಕಟ್ಟಿಸಿದ ಶೌಚಾಲಯವು ಸೌದೆ ಒಟ್ಟುವ ಕೋಣೆಯಾಗಿಬಿಡಬಹುದು. ಸದಸ್ಯರು ‘ಮೋಟಿವೇಟ್’ ಎಂಬ ಪದವನ್ನು ಕಂಡಾಗ ಅದನ್ನು ದಂಡಿಸುವ ಅಧಿಕಾರವೆಂದು ಭಾವಿಸದೆ, ಮನವರಿಕೆ ಮಾಡಿಕೊಡುವ ಹೊಣೆಯೆಂದು ತಿಳಿಯತಕ್ಕದ್ದು.

ಅಭ್ಯಾಸ: ಕೆಳಗಿನವುಗಳಲ್ಲಿ ಪ್ರೇರಣೆ ಯಾವುದು, ಬಲವಂತ ಯಾವುದು, ಆಮಿಷ ಯಾವುದು ಎಂಬುದನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸುವುದು.
ಅ) ತೆರಿಗೆ ಹಣದಿಂದ ಆದ ಕಾಮಗಾರಿಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ, ಬಾಕಿ ಪಾವತಿಸಲು ಕೋರುವುದು.
ಆ) ಗ್ರಾಮಸಭೆಗೆ ಬಾರದವರಿಗೆ ಉದ್ಯೋಗ ಚೀಟಿ ಕೊಡುವುದಿಲ್ಲ ಎನ್ನುವುದು.
ಇ) ಮತಕ್ಕಾಗಿ ಸೀರೆ ಹಂಚುವುದು.