ಲಡಾಖಿನ ಮಣ್ಣಿನ ಜೋಡಿಗೋಡೆ

ಮಣ್ಣಿನ ಗೋಡೆಯ ಮನೆ ಬೇಸಿಗೆಯಲ್ಲಿ ತಂಪಾಗಿಯೂ ಚಳಿಗಾಲದಲ್ಲಿ ಬೆಚ್ಚಗೂ ಇರುತ್ತದೆಂಬುದು ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ಬೆಳೆದವರಿಗೆ ಹೊಸ ಮಾತಲ್ಲ. ಆದರೆ ಮಣ್ಣು ಉಷ್ಣವನ್ನು ತಡೆಯುತ್ತದೆಂದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಪೂರ್ತಿ ಸರಿಯಲ್ಲ. ದಪ್ಪನೆಯ ಮಣ್ಣಿನ ಗೋಡೆಯು ಉಷ್ಣವನ್ನು ಹೀರಿಕೊಂಡು, ಹಲವು ಗಂಟೆಗಳ ತರುವಾಯ ಬಿಟ್ಟುಕೊಡುತ್ತದೆ. ತಡೆಯುವ ಗುಣ ಅದರಲ್ಲಿ ಅಲ್ಪ. ಹಗಲು ಸೆಕೆ, ಇರುಳು ತಂಪು ಇರುವ ಕಡೆ ಈ ವಿಳಂಬವೇ ಸಾಕು. ಹಗಲಿರುಳೂ ಚಳಿ ಕೊರೆಯುವ ಕಡೆ ಸಾಲದು.

ಸುಮಾರು 3,500 ಮೀಟರ್ ಎತ್ತರದಲ್ಲಿರುವ ಲೇಹ್‌ನಲ್ಲಿ ಚಳಿಗಾಲದ ಇರುಳು ಉಷ್ಣಾಂಶವು ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದುಂಟು. ಅಲ್ಲಿ ಮರ ವಿರಳ, ಇಂಧನ ದುರ್ಲಭ. ಹೊಗೆ ತುಂಬಿದ ಅಡುಗೆಮನೆಯೊಂದರಲ್ಲೇ ಇಡೀ ಕುಟುಂಬ ಚಳಿಗಾಲ ಕಳೆಯುವುದು ರೂಢಿಯಾಗಿತ್ತು. ಧಾರಾಳವಾಗಿ ಇರುವುದು ಬಿಸಿಲೊಂದೇ.

ಈ ಬಿಸಿಲನ್ನು ಹಿಡಿದಿಡಲು ರೂಪುಗೊಂಡದ್ದು ಜೋಡಿಗೋಡೆ. ಉತ್ತರ, ಪೂರ್ವ, ಪಶ್ಚಿಮ ದಿಕ್ಕುಗಳಲ್ಲಿ ಹಸಿ ಇಟ್ಟಿಗೆಯ ಎರಡು ಗೋಡೆಗಳನ್ನೆಬ್ಬಿಸಿ, ನಡುವಣ ಸುಮಾರು 10 ಸೆಂಟಿಮೀಟರ್ ತೆರಪಿನಲ್ಲಿ ಒಣಹುಲ್ಲನ್ನೋ ಮರದ ಹೊಟ್ಟನ್ನೋ ತುಂಬುತ್ತಾರೆ. ದಕ್ಷಿಣಕ್ಕೆ ವಿಶಾಲವಾದ ಗಾಜು. ಹಗಲಿನಲ್ಲಿ ಒಳಬಂದ ಶಾಖವನ್ನು ದಪ್ಪನೆಯ ಒಳಗೋಡೆಯೂ ನೆಲವೂ ಹೀರಿಕೊಂಡು ಇರುಳಿನಲ್ಲಿ ಕೋಣೆಗೆ ಹಿಂದಿರುಗಿಸುತ್ತವೆ. ಹೊರಕ್ಕೆ ಸೋರದಂತೆ ಹುಲ್ಲು ತಡೆಯುತ್ತದೆ. ಇಲ್ಲಿ ಪದರಗಳ ಕ್ರಮವೇ ಮುಖ್ಯ. ಹುಲ್ಲಿನ ಪದರವನ್ನು ಕೋಣೆಯ ಬದಿಗೆ ಹಾಕಿದರೆ ಶಾಖವು ಮಣ್ಣನ್ನು ಮುಟ್ಟುವುದೇ ಇಲ್ಲ, ಗೋಡೆ ಎಷ್ಟು ದಪ್ಪವಿದ್ದರೂ ವ್ಯರ್ಥ. ಛಾವಣಿಯಲ್ಲಿಯೂ ಇಂತಹ ಪದರ ಇರಬೇಕು. ಅದನ್ನು ಮರೆಯುವವರೇ ಹೆಚ್ಚು. ಲೇಹ್ ಸಮೀಪದ ಫೇ ಎಂಬಲ್ಲಿ 1990ರ ದಶಕದಲ್ಲಿ ನಿರ್ಮಿತವಾದ ಸೆಕ್ಮೋಲ್ ಸಂಸ್ಥೆಯ ವಿದ್ಯಾರ್ಥಿನಿವಾಸವು, ಬಡಿದು ಗಟ್ಟಿಗೊಳಿಸಿದ ಮಣ್ಣಿನ ಗೋಡೆಗಳಿಂದಲೂ ಬಿಸಿಲಿನ ಶಾಖದಿಂದಲೂ ಬೆಚ್ಚಗಿರುವ ಪ್ರಸಿದ್ಧ ನಿದರ್ಶನ.

ಬಾಳಿಕೆಯ ಪ್ರಶ್ನೆ ಬೇರೆ. ಮಣ್ಣಿಗೆ ಶತ್ರು ಚಳಿಯಲ್ಲ, ನೀರು. ಮಳೆ ಅಪರೂಪವೆಂದು ಸೂರನ್ನು ಕಿರಿದಾಗಿಸಿದ ಆ ನಾಡಿನಲ್ಲಿ 2010ರ ಆಗಸ್ಟ್‌ನ ಮೇಘಸ್ಫೋಟವು ಅನೇಕ ಮಣ್ಣಿನ ಮನೆಗಳನ್ನು ಕೆಡವಿತು. ಪ್ರವಾಹದ ಹಾದಿಯಲ್ಲಿ ಕಟ್ಟಿದ ಮನೆಯನ್ನು ಯಾವ ಗೋಡೆಯೂ ಉಳಿಸಲಾರದು. ಉಳಿದೆಡೆ, ನೆಲದಿಂದ ಎರಡು ಅಡಿಯಾದರೂ ಮೇಲೇರಿದ ಕಲ್ಲಿನ ತಳಪಾಯ, ಹೊರಚಾಚಿದ ಸೂರು, ನೀರು ನಿಲ್ಲದಂತೆ ಇಳಿಜಾರಾದ ಛಾವಣಿ ಇವು ಅನಿವಾರ್ಯ. ಭೂಕಂಪದ ಭಯವಿರುವುದರಿಂದ ಎರಡೂ ಗೋಡೆಗಳನ್ನು ಅಲ್ಲಲ್ಲಿ ಮರದ ಅಡ್ಡಪಟ್ಟಿಗಳಿಂದ ಬಿಗಿಯಬೇಕು. ಹೊರಗಡೆ ಸಿಮೆಂಟಿನ ಗಾರೆ ಬಳಿದರೆ ಒಳಸೇರಿದ ತೇವ ಹೊರಹೋಗದೆ ಗಾರೆಯೇ ಹಪ್ಪಳದಂತೆ ಕಳಚುತ್ತದೆ. ಹುಲ್ಲು ಬೆರೆಸಿದ ಮಣ್ಣಿನ ಗಾರೆಯೇ ಲೇಸು. ಬಿರುಕು ಕಂಡೊಡನೆ ಮುಚ್ಚತಕ್ಕದ್ದು, ಏಕೆಂದರೆ ಒಮ್ಮೆ ಒದ್ದೆಯಾದ ಒಳಹುಲ್ಲು ಚಳಿಯನ್ನು ತಡೆಯದು. ಕೊಳೆತು ಕುಸಿದರೆ ಗೋಡೆಯ ಮೇಲ್ಭಾಗದಲ್ಲಿ ತೆರಪು ಬರಿದಾಗಿಬಿಡುತ್ತದೆ.